ಮುಟ್ಟಿದರೆ ಬರುವ ರೋಗ

ಹೊನ್ನವಳ್ಳಿಯಿಂದ ತಿಪಟೂರಿಗೆ ಹೋಗುವ ರಸ್ತೆಯ ಪಕ್ಕ, ಎರಡು ತೆಂಗಿನ ತೋಟಗಳ ನಡುವೆ, ಶಂಭುಲಿಂಗಯ್ಯನ ಸಿಮೆಂಟ್ ಇಟ್ಟಿಗೆ ಯಾರ್ಡ್ ಇದೆ. ಅಲ್ಲಿ ಆರು ವರ್ಷ ಮಾಲು ಕಲಸಿದವಳು ಪವಿತ್ರಾ. ಸಿಮೆಂಟು, ಜಲ್ಲಿಪುಡಿ, ನೀರು ಮೂರೂ ಹದವಾಗಿ ಬೆರೆತಿವೆಯೋ ಇಲ್ಲವೋ ಎಂದು ಬೇರೆಯವರು ಸಲಿಕೆಯಲ್ಲಿ ಎತ್ತಿ ನೋಡಿದರೆ ಇವಳು ಬರಿಗೈಯಲ್ಲಿ ಒಂದು ಹಿಡಿ ಎತ್ತಿ ಮುಷ್ಟಿ ಕಟ್ಟಿ ಬಿಡುತ್ತಿದ್ದಳು. ಉಂಡೆ ಉಂಡೆಯಾಗಿಯೇ ನಿಂತರೆ ಸರಿ. ಬಿರಿದರೆ ನೀರು ಸಾಲದು, ಬೆರಳ ಸಂದಿಯಲ್ಲಿ ಜಿನುಗಿದರೆ ಹೆಚ್ಚಾಯಿತು. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಹೀಗೆ ಹಿಡಿ ನೋಡಬೇಕು. ಶಂಭುಲಿಂಗಯ್ಯ ಬಂದ ಗಿರಾಕಿಗಳ ಮುಂದೆ, "ನಮಗ್ಯಾಕ್ರೀ ಮಿಶಿನ್ನು, ನಮ್ಮ ಪವಿತ್ರನ ಕೈ ಐತಲ್ಲ" ಎಂದು ಹೇಳಿಕೊಂಡು ಹಿಗ್ಗುತ್ತಿದ್ದ. ಹಿಗ್ಗಲಿ ಬಿಡಿ, ಪವಿತ್ರಾಳೂ ಆಗ ಒಳಗೊಳಗೇ ಹಿಗ್ಗುತ್ತಿದ್ದಳು.

ಸಂಜೆ ಕೆಲಸ ಮುಗಿದ ಮೇಲೆ ಹೆಂಗಸರೆಲ್ಲ ನೀರಿನ ತೊಟ್ಟಿಯ ಪಕ್ಕ ಕೂತು ಕೈ ತೊಳೆಯುತ್ತಿದ್ದರು. ಸೋಪಿಗೆ ಬಿಡದ ಸಿಮೆಂಟು ತೆಂಗಿನ ನಾರಿಗೆ ಬಿಡುತ್ತದೆ. ಈ ಸೀಮೆಯಲ್ಲಿ ನಾರಿಗೇನು ಬರವೇ? ಪಾತ್ರೆ ಉಜ್ಜುವುದೂ ಅದರಲ್ಲೇ, ಎಮ್ಮೆಯ ಮೈ ತಿಕ್ಕುವುದೂ ಅದರಲ್ಲೇ. ಒಂದು ಹಿಡಿ ನಾರು ತೆಗೆದುಕೊಂಡು ಅಂಗೈ, ಹಿಂಗೈ, ಬೆರಳ ಸಂದಿ ಎಲ್ಲ ಗಸಗಸ ತಿಕ್ಕಿ, ಚರ್ಮ ಕೆಂಪಗಾಗಿ ಚುರುಗುಟ್ಟಿದ ಮೇಲೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿಕೊಂಡರೆ ಮುಗಿಯಿತು. ಉರಿದರೆ ಚೊಕ್ಕಟವಾಯಿತೆಂದೇ ಅವರ ನಂಬಿಕೆ. ಆ ನಾರು ಮೇಲಿನ ಚರ್ಮವನ್ನೇ ಕೆರೆದು ಮಾರನೆಯ ದಿನದ ಸಿಮೆಂಟಿಗೆ ದಾರಿ ಮಾಡಿಕೊಡುತ್ತದೆ ಎಂದು ಯಾರಾದರೂ ಹೇಳಬೇಕಿತ್ತು. ಹೇಳಬೇಕಾದವನು ಹೊಂಗೆ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಫೋನು ನೋಡುತ್ತಿದ್ದ.

ಐದನೆಯ ವರ್ಷ ಬೆರಳ ಸಂದಿಯಲ್ಲಿ ಸಣ್ಣ ನವೆಯಾಗಿ ಶುರುವಾಯಿತು. ಆಮೇಲೆ ಸಾಸಿವೆಯಷ್ಟು ಗುಳ್ಳೆಗಳು, ಆಮೇಲೆ ಬಿರುಕು, ಬಿರುಕಿನಿಂದ ನೀರು. ಅತ್ತೆ ಹುಚ್ಚಕ್ಕ ನೋಡಿ, "ಇಸುಬು ಕಣವ್ವ" ಎಂದು ಬೇವಿನ ಸೊಪ್ಪು ಅರೆದು ಹಚ್ಚಿದಳು. ಮೆಡಿಕಲ್ ಸ್ಟೋರಿನ ಮುಲಾಮೂ ಹಚ್ಚಿದ್ದಾಯಿತು. ತವರಿಗೆ ಹೋಗಿ ಹತ್ತು ದಿನ ಇದ್ದಾಗ ಕೈ ತಾನಾಗಿಯೇ ಮಾಯಿತು, ಬಂದು ಎರಡು ದಿನ ಮಾಲು ಕಲಸುವಷ್ಟರಲ್ಲಿ ಮತ್ತೆ ಎದ್ದಿತು. ನಮ್ಮೂರ ನೀರು ಗಡುಸು, ಅದಕ್ಕೇ ಇರಬೇಕು ಅಂದುಕೊಂಡಳು ಪವಿತ್ರಾ. ಸಿಮೆಂಟಿನ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ, ಆರು ವರ್ಷ ಅನ್ನ ಕೊಟ್ಟ ಮಾಲು ಅದು.

ಕೈ ತೀರಾ ಕೆಟ್ಟಾಗ ಶಂಭುಲಿಂಗಯ್ಯ ತಿಪಟೂರಿನಿಂದ ಒಂದು ಜೊತೆ ಚರ್ಮದ ಗ್ಲೌಸು ತಂದುಕೊಟ್ಟ. "ನಮ್ಮ ಯಾರ್ಡಲ್ಲಿ ಆಳುಗಳನ್ನ ಹೆಂಗೆ ನೋಡ್ಕತೀವಿ ನೋಡು" ಎಂದು ನಾಲ್ಕು ಜನರ ಮುಂದೆ ಕೊಟ್ಟ. ಹಾಕಿಕೊಂಡ ಎರಡೇ ವಾರದಲ್ಲಿ ಗುಳ್ಳೆ ಮಣಿಕಟ್ಟು ದಾಟಿ, ಗ್ಲೌಸಿನ ಬಾಯಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಗೆರೆ ಎಳೆದ ಹಾಗೆ ನಿಂತಿತು. ಅನ್ನ ಕಲಸುವುದಕ್ಕೂ ಆಗದೆ ಪವಿತ್ರಾ ಚಮಚದಲ್ಲಿ ಉಣ್ಣುವಂತಾಯಿತು.

ಅವಳ ಗಂಡ ಭೀಮರಾಜು ತೋಟಗಳಿಂದ ಕಾಯಿ ಹೇರುವ ಲಗೇಜ್ ಆಟೋ ಓಡಿಸುವವನು. ಮಾತು ಕಡಿಮೆ. ಒಂದು ದಿನ ಬೆಳಿಗ್ಗೆ ಆಟೋ ಮನೆ ಮುಂದೆಯೇ ಬಿಟ್ಟು, "ನಡಿ, ತುಮಕೂರಿಗೆ ಹೋಗಾನ" ಎಂದು ಹೊರಡಿಸಿದ.

ತುಮಕೂರಿನ ಚರ್ಮದ ಡಾಕ್ಟರು ಪವಿತ್ರಾಳಿಗಿಂತ ಚಿಕ್ಕ ವಯಸ್ಸಿನ ಹೆಂಗಸು. ಕೈ ನೋಡುವುದಕ್ಕೆ ಮುಂಚೆಯೇ, "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. ಇಷ್ಟು ದಿನದಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ಬೆನ್ನಿನ ಮೇಲೆ ಸಾಲಾಗಿ ಸಣ್ಣ ಸಣ್ಣ ಪಟ್ಟಿಗಳನ್ನು ಅಂಟಿಸಿ, ಎರಡು ದಿನ ಬೆನ್ನಿಗೆ ನೀರು ತಾಗಿಸಬೇಡಿ ಎಂದು ಹೇಳಿ ಕಳಿಸಿದರು. ಮತ್ತೆ ಹೋದಾಗ ಪಟ್ಟಿ ಬಿಚ್ಚಿ ನೋಡಿದರು, ಅದಾಗಿ ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡಿದರು. ಅಷ್ಟೂ ಪಟ್ಟಿಗಳಲ್ಲಿ ಒಂದರ ಕೆಳಗೆ ಮಾತ್ರ ಚರ್ಮ ಕೆಂಪಗೆ ಉಬ್ಬಿ ಗುಳ್ಳೆ ಎದ್ದಿತ್ತು. ಫೋನಿನಲ್ಲಿ ಫೋಟೋ ತೆಗೆದು ಅವಳಿಗೇ ತೋರಿಸಿದರು.

"ಇದು ಕ್ರೋಮಿಯಂ ಅಂತಮ್ಮ. ಸಿಮೆಂಟಲ್ಲಿ ಇರುತ್ತೆ. ಒದ್ದೆ ಸಿಮೆಂಟು ತಾಗಿದಾಗ ಚರ್ಮದೊಳಗೆ ಇಳಿಯುತ್ತೆ. ಎಲ್ಲರಿಗೂ ಆಗಲ್ಲ. ಆದರೆ ದಿನಾ ಮುಟ್ಟಿ ಮುಟ್ಟಿ ನಿಮ್ಮ ಮೈ ಅದನ್ನ ಶತ್ರು ಅಂತ ಗುರುತು ಇಟ್ಕೊಂಡುಬಿಟ್ಟಿದೆ. ಇನ್ನು ಸ್ವಲ್ಪ ತಾಗಿದರೂ ಏಳುತ್ತೆ."

"ಮಾತ್ರೆ ತಗಂಡ್ರೆ ಹೋಗಲ್ವಾ ಮೇಡಂ?"

"ಗಾಯ ಹೋಗುತ್ತೆ. ಆ ಗುರುತು ಹೋಗಲ್ಲ. ಇನ್ನು ಜನ್ಮದಲ್ಲಿ ಸಿಮೆಂಟು ಮುಟ್ಟಬಾರದು ನೀವು. ಒಣಗಿರೋ ಕೆಲಸ ಯಾವುದಾದರೂ ನೋಡ್ಕೊಳ್ಳಿ."

ಪವಿತ್ರಾ ಚೀಲದಿಂದ ಗ್ಲೌಸು ತೆಗೆದು ತೋರಿಸಿದಳು. ಡಾಕ್ಟರು ಅದನ್ನು ನೋಡಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಈ ಚರ್ಮವನ್ನು ಹದ ಮಾಡುವುದಕ್ಕೂ ಅದೇ ಕ್ರೋಮಿಯಂ ಹಾಕಿರುತ್ತಾರೆ, ಬೆಂಕಿ ಆರಿಸಲು ಸೀಮೆಎಣ್ಣೆ ಕೊಟ್ಟಂತಾಯಿತು ಎಂದರು. ರಬ್ಬರಿನದು ಕೊಡಬೇಕಿತ್ತು. ನಾರಿನಲ್ಲಿ ತಿಕ್ಕುವುದನ್ನು ಎಲ್ಲರೂ ಇವತ್ತೇ ಬಿಡಬೇಕು. ಹೀಗೆ ಹೇಳಿ ಎರಡು ಕಾಗದ ಬರೆದರು. ಒಂದು ಪವಿತ್ರಾಳ ಚೀಟಿ, ಇನ್ನೊಂದು ಯಾರ್ಡಿನ ಮಾಲೀಕನಿಗೆ. ಬೇಕಾದರೆ ಕಾರ್ಮಿಕ ಇಲಾಖೆಗೂ ಒಂದು ಅರ್ಜಿ ಕೊಡಿ ಎಂದರು. ಭೀಮರಾಜು ಬಾಗಿಲ ತನಕ ಹೋದವನು ತಿರುಗಿ, "ಇದು ಅಂಟಾ ಮೇಡಂ?" ಎಂದು ಕೇಳಿದ. "ಖಂಡಿತ ಅಲ್ಲ. ಇವರಿಂದ ಯಾರಿಗೂ ಬರಲ್ಲ" ಎಂದರು ಅವರು.

ಮಾರನೆಯ ದಿನ ಪವಿತ್ರಾ ಆ ಕಾಗದಗಳನ್ನು ಹಿಡಿದುಕೊಂಡು ಯಾರ್ಡಿಗೆ ಹೋದಳು. ಕೆಲಸ ಹೋಯಿತೆಂಬ ಸಂಕಟ ಇತ್ತು, ನಿಜ. ಆದರೆ ರೋಗಕ್ಕೊಂದು ಹೆಸರು ಸಿಕ್ಕಿತಲ್ಲ ಎಂಬ ಸಮಾಧಾನವೂ ಇತ್ತು. ತನಗಾದದ್ದು ಜೊತೆಯವರಿಗಾದರೂ ಆಗದಿರಲಿ ಎಂಬ ಆಸೆಯೂ ಇತ್ತು. ಹತ್ತು ಗಂಟೆಯ ಟೀ ಹೊತ್ತು. ಅಚ್ಚು ತುಂಬುವ ರಾಮಕ್ಕ, ಬಾಂಡ್ಲಿ ಹೊರುವ ಆಶಾ ಎಲ್ಲ ನೆರಳಲ್ಲಿ ಕೂತಿದ್ದರು. ಪವಿತ್ರಾ ಎಂದಿನಂತೆ ಆಶಾಳ ಮಗ್ಗುಲಲ್ಲಿ ಕೂತಳು. ಶಂಭುಲಿಂಗಯ್ಯ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಮಗ ಮೋಕ್ಷಿತನ ಕೈಗೆ ಕೊಟ್ಟ.

ಮೋಕ್ಷಿತ್ ಕೊರೊನಾ ಕಾಲದಲ್ಲಿ ಊರಿನ ಮನೆ ಮನೆ ಬಾಗಿಲಿಗೆ ಕೆಂಪು ಕಾಗದ ಅಂಟಿಸಿಕೊಂಡು ಓಡಾಡಿದ ಹುಡುಗ. ಆಗ ಹತ್ತೊಂಬತ್ತು, ಈಗ ಇಪ್ಪತ್ತನಾಲ್ಕು. ಅವನು ಚೀಟಿಯ ಮೇಲೆ ಬೆರಳಿಟ್ಟು, "ಕಾಂಟ್ಯಾಕ್ಟ್..." ಎಂದು ಓದಿ ನಿಂತ. ಮುಂದಿನದು ಡರ್ಮಟೈಟಿಸ್, ಅವನ ನಾಲಿಗೆಗೆ ಹೊರಳಲಿಲ್ಲ. ಹೊರಳಬೇಕಾಗಿಯೂ ಇರಲಿಲ್ಲ. ಪ್ರೈಮರಿ ಕಾಂಟ್ಯಾಕ್ಟ್, ಸೆಕೆಂಡರಿ ಕಾಂಟ್ಯಾಕ್ಟ್ ಎಂದರೆ ಏನೆಂದು ಆ ಊರಿನಲ್ಲಿ ಓದು ಬರದ ಮುದುಕಿಯರಿಗೂ ಗೊತ್ತು. ಆ ಹೆಸರು ಬಿದ್ದ ಮನೆಗೆ ಹಾಲಿನವನೂ ಹೋಗುತ್ತಿರಲಿಲ್ಲ.

"ಕಾಂಟ್ಯಾಕ್ಟ್ ಅಂತ ಬರ್ದವ್ರೆ ಕಣಪ್ಪ" ಎಂದ ಮೋಕ್ಷಿತ್. "ಅಂದ್ರೆ ಮುಟ್ಟಿದ್ರೆ ಬರೋದು."

"ಅಂಟಲ್ಲ ಅಂತ ಡಾಕ್ಟ್ರಮ್ಮನೇ ಹೇಳವ್ರೆ" ಎಂದಳು ಪವಿತ್ರಾ. "ಬೆನ್ನಿಗೆ ಅಂಟಿಸಿ ನೋಡಿದ್ರು. ಸಿಮೆಂಟಿಂದ ಬಂದಿರಾದು."

"ಬಾಯಲ್ಲಿ ಸಮಾಧಾನಕ್ಕೆ ಏನಾದ್ರೂ ಹೇಳ್ತಾರಕ್ಕ. ಬರ್ದಿರೋದು ನೋಡು."

ಅಂಟಿಸಿ ಎಂಬ ಮಾತಿನೊಳಗೆ ಅಂಟು ಇದೆ. ಹೆದರಿದವರ ಕಿವಿಗೆ ಅಷ್ಟು ಸಾಕಾಯಿತು. ರಾಮಕ್ಕ ಕೈಯಲ್ಲಿದ್ದ ಟೀ ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟಳು. ಆಶಾ, ತನ್ನ ತಲೆಯ ಹೇನನ್ನು ಪವಿತ್ರಾಳ ಕೈಯಲ್ಲಿ ತೆಗೆಸಿಕೊಂಡ ಆಶಾ, ಕೂತಲ್ಲಿಂದಲೇ ಒಂದು ಮೊಳ ಆಚೆ ಸರಿದಳು.

ಮೋಕ್ಷಿತನದು ದಡ್ಡತನ. ದಡ್ಡತನವನ್ನು ಬೈದು ಬಿಟ್ಟುಬಿಡಬಹುದು. ಅವನಪ್ಪನದು ಬೇರೆ. ಶಂಭುಲಿಂಗಯ್ಯ ತನ್ನ ಹೆಸರಿಗೆ ಬಂದ ಕಾಗದವನ್ನು ಬಿಚ್ಚದೆ ಜೇಬಿಗೆ ಹಾಕಿಕೊಂಡು, "ವಾಸಿ ಮಾಡ್ಕಂಡು ಬಾರಮ್ಮ. ಅಲ್ಲೀಗಂಟ ಈ ಕಡೆ ಬರ್ಬ್ಯಾಡ, ಬ್ಯಾರೆಯವರೂ ಹೆಂಗಸ್ರು ಮಕ್ಳು" ಎಂದ. ಆ ಗ್ಲೌಸನ್ನು ಮಾತ್ರ ಮರೆಯದೆ ಕೇಳಿ ಇಸಿದುಕೊಂಡ.

ಸುದ್ದಿ ಪವಿತ್ರಾಳಿಗಿಂತ ಮೊದಲೇ ಊರು ಸೇರಿತ್ತು. ಅಂಗಡಿಯವನು ಸಾಮಾನನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟ. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಶಾಲೆಯಲ್ಲಿ ಅವಳ ಮಗಳನ್ನು ಊಟಕ್ಕೆ ಸಾಲಿನ ಕೊನೆಯಲ್ಲಿ ಕೂರಿಸಿದರಂತೆ. ಮಗು ಬಂದು ಅತ್ತದ್ದು ಕೇಳಿ ಪವಿತ್ರಾ ಮೈಯೆಲ್ಲ ಉರಿದುಕೊಂಡು ಕೂತಳು. ಹುಚ್ಚಕ್ಕ ಎಲೆ ಅಡಿಕೆ ಕುಟ್ಟುತ್ತಿದ್ದವಳು ಕೈ ನಿಲ್ಲಿಸಿ ಹೇಳಿದಳು:

"ನಮ್ಮ ಕೈ ಮುಟ್ಟಬಾರ್ದು ಅನ್ನೋದು ನಂಗೇನು ಹೊಸದಲ್ಲ ಕಣವ್ವ. ನಮ್ಮ ಕಾಲದಲ್ಲಿ ಅದಕ್ಕೆ ಇಂಗ್ಲಿಷ್ ಹೆಸರು ಇರ್ಲಿಲ್ಲ, ಅಷ್ಟೇಯ."

ಕೈಗಳು ಒಂದೂವರೆ ತಿಂಗಳಲ್ಲಿ ಮಾದವು. ಗುಳ್ಳೆಯಿಲ್ಲ, ಬಿರುಕಿಲ್ಲ, ಹೊಸ ಚರ್ಮ ತೆಳ್ಳಗೆ ಹೊಳೆಯುತ್ತಿತ್ತು. ಆದರೆ ಯಾರು ನೋಡಬೇಕು ಅದನ್ನು? ಅಷ್ಟರಲ್ಲಿ ಯಾರ್ಡಿನಿಂದ ಇನ್ನೊಂದು ಸುದ್ದಿ ಬಂತು. ಪವಿತ್ರಾಳ ಜಾಗಕ್ಕೆ ಮಾಲು ಕಲಸಲು ಆಶಾಳನ್ನು ಹಾಕಿದ್ದರು. ಅದೇ ಗ್ಲೌಸನ್ನೂ ಅವಳಿಗೇ ಕೊಟ್ಟಿದ್ದರು. ಈಗ ಆಶಾಳ ಬೆರಳ ಸಂದಿಯಲ್ಲಿ ಗುಳ್ಳೆ ಎದ್ದಿದೆಯಂತೆ, ರಾಮಕ್ಕನಿಗೂ ಶುರುವಾಗಿದೆಯಂತೆ. "ನೋಡಿದ್ರಾ, ಅಂಟಿಸಿ ಹೋದ್ಲು" ಎಂದಿತು ಊರು. ಸಿಮೆಂಟು ಮುಟ್ಟಿದವರಿಗೆ ಬಂತಲ್ಲ, ಒಂದೇ ಹಾಸಿಗೆಯಲ್ಲಿ ಮಲಗುವ ಗಂಡನಿಗೆ ಬರಲಿಲ್ಲ, ಒಂದೇ ತಟ್ಟೆಯಲ್ಲಿ ಉಣ್ಣುವ ಮಗಳಿಗೆ ಬರಲಿಲ್ಲ, ಯಾಕೆ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಪವಿತ್ರಾ ಬಾಯಿ ಬಿಟ್ಟು ಕೇಳಿದರೆ ಎಲ್ಲರಿಗೂ ಇದ್ದಕ್ಕಿದ್ದ ಹಾಗೆ ಮನೆಯಲ್ಲಿ ಕೆಲಸ ನೆನಪಾಗುತ್ತಿತ್ತು.

ಅವಳಿಗೆ ಕೆಲಸ ಬೇಕಿತ್ತು. ಅದೂ ಡಾಕ್ಟರು ಹೇಳಿದ ಒಣ ಕೆಲಸ. ಊರಂಚಿನಲ್ಲಿ ರೇವಣಸಿದ್ದಯ್ಯನ ಕೊಬ್ಬರಿ ಶೆಡ್ಡು ಇತ್ತು. ವರ್ಷದಷ್ಟು ಕಾಲ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಚೂರಾಗದಂತೆ ಬಿಡಿಸುವುದು ಅಲ್ಲಿಯ ಹೆಂಗಸರ ಕೆಲಸ. ನೀರಿನ ಹನಿಯೂ ಇಲ್ಲದ ಕೆಲಸ. ಮದುವೆಗೆ ಮುಂಚೆ ಪವಿತ್ರಾ ಅದನ್ನು ಮಾಡಿದ್ದಳು, ಚಿಪ್ಪಿಗೆ ಕತ್ತಿಯ ಏಟು ಎಲ್ಲಿ ಬೀಳಬೇಕೆಂದು ಅವಳಿಗೆ ಗೊತ್ತಿತ್ತು. ಅಲ್ಲೂ ಸಿಗದಿದ್ದರೆ ಸುತ್ತ ಹತ್ತೂರಿನಲ್ಲಿ ಅವಳಿಗೆ ಇನ್ನೊಂದು ಬಾಗಿಲಿರಲಿಲ್ಲ.

ರೇವಣಸಿದ್ದಯ್ಯ ಕೆಟ್ಟವನಲ್ಲ, ಪುಕ್ಕಲ. ಅವಳ ಅಂಗೈಯನ್ನು ದೂರದಿಂದಲೇ ನೋಡಿ, "ಚೆನ್ನಾಗೇ ಐತಲ್ಲಮ್ಮ" ಎಂದ. ಆಮೇಲೆ ಕೆಮ್ಮಿದ. "ಆದ್ರೆ ಇದು ತಿನ್ನೋ ಪದಾರ್ಥ ನೋಡು. ಇಲ್ಲಿರೋ ಹೆಂಗಸ್ರು ನಿನ್ನ ಜೊತೆ ಕೂತ್ಕಳಲ್ಲ ಅಂತಾವ್ರೆ. ಒಂದು ಕೆಲ್ಸ ಮಾಡು. ಆರು ವರ್ಷ ಮಡಿಕಂಡಿದ್ದವನು ಶಂಭುಲಿಂಗಯ್ಯ. ಅವನು ಬಂದು ಅಂಟಲ್ಲ ಅಂತ ಒಂದು ಮಾತು ಹೇಳ್ಲಿ, ಸೋಮವಾರದಿಂದ್ಲೇ ಬಾ."

"ಡಾಕ್ಟ್ರ ಚೀಟಿ ಐತಲ್ಲ ಅಯ್ನೋರೇ."

"ಚೀಟಿನೇ ಅಲ್ವೇನಮ್ಮ ಇಷ್ಟಕ್ಕೆಲ್ಲ ಮೂಲ" ಎಂದ ಅವನು.

ಪವಿತ್ರಾ ಅಲ್ಲಿಂದ ನೇರವಾಗಿ ಗಂಡನ ಆಟೋದಲ್ಲಿ ತಿಪಟೂರಿಗೆ ಹೋಗಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟು ಬಂದಳು. ಸಿಟ್ಟು ತಡೆಯಲಾರದೆ ಕೊಟ್ಟ ಅರ್ಜಿ, ಅದರಿಂದ ಏನಾದರೂ ಆಗುತ್ತದೆಂಬ ನಂಬಿಕೆಯಿಂದ ಕೊಟ್ಟದ್ದಲ್ಲ. ಆದರೆ ಹದಿನೈದು ದಿನಕ್ಕೆ ಯಾರ್ಡಿಗೆ ಒಂದು ನೋಟೀಸು ಹೋಯಿತು, ಅಧಿಕಾರಿಗಳು ಬಂದು ವಿಚಾರಿಸುತ್ತಾರೆ ಎಂದು. ನೋಟೀಸು ಹೋದ ಮಾರನೆಯ ಬೆಳಿಗ್ಗೆಯೇ ಶಂಭುಲಿಂಗಯ್ಯನ ಕಾರು ಪವಿತ್ರಾಳ ಮನೆ ಮುಂದೆ ನಿಂತಿತು. ನಾಲ್ಕು ತಿಂಗಳಿಂದ ಸತ್ತಳೋ ಬದುಕಿದಳೋ ಎಂದು ಕೇಳದವನು.

ಜಗಲಿಯ ಮೇಲೆ ಕೂತ. ಹುಚ್ಚಕ್ಕ ತಂದಿಟ್ಟ ನೀರನ್ನು ಮುಟ್ಟಲಿಲ್ಲ. "ರೇವಣಸಿದ್ದಯ್ಯ ಎಲ್ಲಾ ಹೇಳ್ದ ಕಣಮ್ಮ. ನಿನ್ನ ಕಷ್ಟ ನಂಗೆ ಗೊತ್ತಾಗಲ್ವಾ? ನಾನು ಬಂದು ಹೇಳ್ತೀನಿ. ನೀನೂ ನಂಗೊಂದು ಸಣ್ಣ ಉಪಕಾರ ಮಾಡು" ಎಂದು ಜೇಬಿನಿಂದ ಒಂದು ಟೈಪು ಮಾಡಿದ ಕಾಗದ ತೆಗೆದ. ಪವಿತ್ರಾ ಏಳನೆಯ ಕ್ಲಾಸು ಓದಿದವಳು, ತಾನೇ ಇಸಿದುಕೊಂಡು ಓದಿದಳು. ನನಗೆ ಹುಟ್ಟಿನಿಂದಲೂ ಇಸುಬು ಇದ್ದು, ಯಾರ್ಡಿಗೆ ಸೇರುವಾಗಲೇ ಕೈಯಲ್ಲಿ ಗಾಯಗಳಿದ್ದು, ಸದರಿ ಕಾಯಿಲೆಗೂ ಯಾರ್ಡಿನ ಕೆಲಸಕ್ಕೂ ಯಾವುದೇ ಸಂಬಂಧವಿರುವುದಿಲ್ಲ. ಕೆಳಗೆ ಅವಳ ಹೆಸರು. ಅದರ ಕೆಳಗೆ ಸಾಕ್ಷಿ ಎಂದು ಆಶಾಳ ಹೆಸರು.

"ಆಶಾ ಒಪ್ಪವ್ಳಾ ಇದಕ್ಕೆ?"

"ಒಪ್ಪದೆ? ಅನ್ನ ತಿನ್ನೋ ಜಾಗ ಅಲ್ವಾ. ನಾಳೆ ರೇವಣಸಿದ್ದಯ್ಯನ ಶೆಡ್ಡಿಗೆ ಬಾ. ನಾನು ಹೇಳೋದು ಹೇಳ್ತೀನಿ, ನೀನು ಹಾಕೋ ರುಜು ಹಾಕು" ಎಂದು ಕಾಗದ ವಾಪಸು ಇಸಿದುಕೊಂಡು ಎದ್ದ.

ಅವನು ಹೋದ ಮೇಲೆ ಭೀಮರಾಜು ತುಂಬಾ ಹೊತ್ತು ಆಟೋದ ಕನ್ನಡಿ ಒರೆಸುತ್ತ ನಿಂತಿದ್ದು, "ಹಾಕ್ಬುಡು" ಎಂದ. "ನಿಂಗೊಂದು ಕೆಲ್ಸ ಆಯ್ತದೆ. ಮಗೀನ ಸ್ಕೂಲಲ್ಲಿ ಎಲ್ಲಾರ ಜೊತೆ ಕೂರಿಸ್ತಾರೆ. ಇಲಾಖೆಯವ್ರು ಬಂದು ಟೀ ಕುಡ್ದು ಹೋಯ್ತಾರೆ, ನಮ್ಮ ಜೊತೆ ಇರೋರು ಊರವ್ರು." ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಪವಿತ್ರಾಳಿಗೆ ಹೆಚ್ಚು ಸಂಕಟ ಮಾಡಿತು. ಹಾಕಿದರೆ ಅವಳ ಕೈ ಶುದ್ಧ, ಆದರೆ ಅದರ ಜೊತೆಗೆ ಸಿಮೆಂಟೂ ಶುದ್ಧವಾಗಿಬಿಡುತ್ತದೆ. ಆಶಾ ಅದರಲ್ಲೇ ಕೈ ಅದ್ದಿಕೊಂಡಿರುತ್ತಾಳೆ. ತನ್ನ ಪಕ್ಕದಿಂದ ಒಂದು ಮೊಳ ಸರಿದು ಕೂತವಳಿಗಾಗಿ ತಾನೇಕೆ ಸಾಯಬೇಕು ಎಂದೂ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಹುಚ್ಚಕ್ಕ ಮಾತ್ರ ಅವನು ಮುಟ್ಟದ ನೀರನ್ನು ತಾನೇ ಗಟಗಟ ಕುಡಿದು ಲೋಟ ಬೋರಲು ಹಾಕಿದಳು.

ಮಾರನೆಯ ದಿನ ಶೆಡ್ಡಿನಲ್ಲಿ ಕೆಲಸ ನಡೆಯುತ್ತಿತ್ತು. ಏಳೆಂಟು ಹೆಂಗಸರು ಕಾಯಿ ರಾಶಿಯ ಸುತ್ತ ಕೂತು ಚಿಪ್ಪು ಒಡೆಯುತ್ತಿದ್ದರು. ರೇವಣಸಿದ್ದಯ್ಯ ಕುರ್ಚಿ ತರಿಸಿದ. ಶಂಭುಲಿಂಗಯ್ಯ ಕೂತ, ಮೋಕ್ಷಿತ್ ಕಾರಿನ ಪಕ್ಕ ನಿಂತ. ಆಶಾ ಬಾಗಿಲ ಹತ್ತಿರ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು, ಪವಿತ್ರಾಳ ಮುಖ ನೋಡದೆ ನಿಂತಿದ್ದಳು. ಆ ಸೆರಗಿನೊಳಗೆ ಬೆರಳುಗಳು ಒಂದನ್ನೊಂದು ಉಜ್ಜಿಕೊಳ್ಳುತ್ತಿದ್ದುದು ಪವಿತ್ರಾಳಿಗೆ ಕಾಣುತ್ತಿತ್ತು. ಆ ನವೆ ಅವಳಿಗೆ ಗೊತ್ತಿಲ್ಲದ್ದೇ? ರಾತ್ರಿ ಎದ್ದು ಗೋಡೆಗೆ ಕೈ ತಿಕ್ಕಿದವಳು ಅವಳು. ಬರುವಾಗ ರುಜು ಹಾಕಿಬಿಡೋಣ ಎಂದೇ ಬಂದಿದ್ದವಳು ಆ ಸೆರಗು ನೋಡಿದ ಮೇಲೆ ಇದ್ದಲ್ಲೇ ನಿಂತುಬಿಟ್ಟಳು.

ಶಂಭುಲಿಂಗಯ್ಯ ಕಾಗದ ಪೆನ್ನು ಚಾಚಿದ. ಪವಿತ್ರಾ ತೆಗೆದುಕೊಳ್ಳಲಿಲ್ಲ.

"ಮೊದ್ಲು ನೀವು ಹೇಳಿ ಯಜಮಾನ್ರೇ. ಎಲ್ಲಾರಿಗೂ ಕೇಳೋ ಹಂಗೆ ಬಿಡಿಸಿ ಹೇಳಿ. ಕಾಗದದ ಮಾತು ಆಮ್ಯಾಕೆ."

ಚಿಪ್ಪು ಒಡೆಯುವ ಸದ್ದು ನಿಂತಿತು. ಶಂಭುಲಿಂಗಯ್ಯನಿಗೆ ಇದು ಕಷ್ಟದ ಮಾತೇನಲ್ಲ, ಉಪಕಾರ ಮಾಡುವವನ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡ.

"ರೇವಣಸಿದ್ದಯ್ಯ, ಕೇಳಿಸ್ಕೋ. ನೀವೂ ಕೇಳಿಸ್ಕಳ್ರಮ್ಮ. ಈಯಮ್ಮಂದು ಅಂಟಲ್ಲ. ಒಬ್ರಿಂದ ಒಬ್ರಿಗೆ ಬರೋದೇ ಅಲ್ಲ. ಜೊತೇಲಿ ಕೂತ್ರೂ ಬರಲ್ಲ, ಅವಳು ಕೊಟ್ಟಿದ್ದು ತಿಂದ್ರೂ ಬರಲ್ಲ, ಕೈ ಹಿಡಕಂಡ್ರೂ ಬರಲ್ಲ. ನಾನು ಬಾಯಿಗೆ ಬಂದಂಗೆ ಹೇಳ್ತಿಲ್ಲ. ಡಾಕ್ಟ್ರು ನಂಗೇ ಕಾಗದ ಬರ್ದವ್ರೆ, ತಿಪಟೂರಲ್ಲಿ ತಿಳಿದೋರ ಹತ್ರ ಓದಿಸಿದೀನಿ."

"ಯಾವಾಗ ಓದಿಸಿದ್ರಿ?" ಎಂದು ಪವಿತ್ರಾ ಮೆತ್ತಗೆ ಕೇಳಿದಳು.

"ಯಾವಾಗ ಅಂದ್ರೆ, ನೀನು ತಂದ್ಕೊಟ್ಟ ವಾರದಲ್ಲೇ ಓದಿಸ್ದೆ ಕಣಮ್ಮ. ನಿನ್ನ ವಿಚಾರ ನಾನು ಹಗುರವಾಗಿ ತಗಂಡಿದೀನಾ?"

ಹೊಗಳಿಸಿಕೊಳ್ಳಲು ಬಾಯಿ ತೆರೆದವನು ತನ್ನ ಬಾಯಿಂದಲೇ ನಿಜ ಹೊರಹಾಕಿದ. ಅಂದರೆ ನಾಲ್ಕು ತಿಂಗಳು ಅವನಿಗೆ ಗೊತ್ತಿತ್ತು. ಅಂಗಡಿಯವನು ಕಟ್ಟೆಯ ಮೇಲೆ ಸಾಮಾನಿಟ್ಟಾಗ ಗೊತ್ತಿತ್ತು, ಅವಳ ಮಗು ಸಾಲಿನ ಕೊನೆಯಲ್ಲಿ ಉಂಡಾಗ ಗೊತ್ತಿತ್ತು, ಜನ ಅವಳನ್ನು ಅಂಟು ಎಂದಾಗ ನೆರಳಿನಲ್ಲಿ ಕೂತು ಕೇಳಿಸಿಕೊಳ್ಳುತ್ತ ಸುಮ್ಮನಿದ್ದ. ಪವಿತ್ರಾಳಿಗೆ ಕೂಗಬೇಕೆನ್ನಿಸಿತು. ಕೂಗಿದರೆ ಹುಚ್ಚು ಎನ್ನುತ್ತಾರೆ, ಇನ್ನೊಂದು ಹೆಸರು ಬೀಳುತ್ತದೆ ಎಂದು ಹಲ್ಲು ಕಚ್ಚಿದಳು. ಬಾಗಿಲಿಗೆ ಹೋಗಿ ಆಶಾಳ ಸೆರಗಿನಿಂದ ಅವಳ ಎರಡು ಕೈಗಳನ್ನೂ ಮೆಲ್ಲಗೆ ಹೊರಗೆಳೆದಳು. ಆಶಾ ಬಿಡಿಸಿಕೊಳ್ಳಲಿಲ್ಲ. ಬ್ಯಾಂಡೇಜು ಬಟ್ಟೆಯ ಅಂಚಿನಲ್ಲಿ ನೀರು ಒಸರುತ್ತಿತ್ತು.

"ಹಂಗಾದ್ರೆ ಇವಳಿಗೆ ಯಾರಿಂದ ಬಂತು ಯಜಮಾನ್ರೇ?"

ಶಂಭುಲಿಂಗಯ್ಯ ರೇವಣಸಿದ್ದಯ್ಯನ ಕಡೆ ನೋಡಿದ. ರೇವಣಸಿದ್ದಯ್ಯ ಆಶಾಳ ಕೈ ನೋಡುತ್ತಿದ್ದ.

"ನನ್ನಿಂದ ಬಂದಿಲ್ಲ ಅಂತ ನೀವೇ ಹೇಳಿದ್ರಿ. ಒಬ್ರಿಂದ ಒಬ್ರಿಗೆ ಬರೋದೇ ಅಲ್ಲ ಅಂದ್ರಿ. ಹಂಗಿದ್ಮೇಲೆ ಇವಳಿಗೆಲ್ಲಿಂದ ಬಂತು, ರಾಮಕ್ಕಂಗೆಲ್ಲಿಂದ ಬಂತು? ಅವರೂ ಹುಟ್ತಾ ತಂದ್ರಾ? ಮೂರು ಜನ ಮೂರು ತಾಯಂದಿರ ಹೊಟ್ಟೇಲಿ ಹುಟ್ಟಿ, ನಿಮ್ಮ ಯಾರ್ಡಿಗೆ ಬಂದ್ಮೇಲೆ ಹುಟ್ಟಿನ ಇಸುಬು ತೋರ್ಸಿದ್ವಾ?"

"ಕಾಗದ ಬರ್ದಿದ್ದೇ ಬ್ಯಾರೆ ವಿಷಯಕ್ಕೆ..." ಎಂದು ಶಂಭುಲಿಂಗಯ್ಯ ಏಳಹೋದ.

"ಮುಟ್ಟಿದ್ರೆ ಬರೋದು ಅಂತ ನಿಮ್ಮ ಮಗ ಓದಿದ್ದು ಸರಿಯಾಗೇ ಐತೆ. ಡಾಕ್ಟ್ರಮ್ಮ ಹಂಗೇ ಬರ್ದಿರೋದು. ಏನನ್ನ ಮುಟ್ಟಿದ್ರೆ ಅಂತ ಈ ಊರಲ್ಲಿ ಒಬ್ರೂ ಕೇಳ್ಲಿಲ್ಲ, ಅಷ್ಟೇ. ನನ್ನನ್ನ ಮುಟ್ಟಿದ್ರೆ ಅಲ್ಲ. ನಿಮ್ಮ ಮಾಲನ್ನ."

ಹೀಗೆಂದು ಅವನ ಕೈಯಿಂದ ಕಾಗದವನ್ನು ಕಿತ್ತುಕೊಂಡಳು, ಆದರೆ ಹರಿಯಲಿಲ್ಲ. ಮಡಿಸಿ ಕುಬುಸದೊಳಗೆ ಇಟ್ಟುಕೊಂಡಳು, ಇಲಾಖೆಯವರು ಬಂದರೆ ತೋರಿಸುವುದಕ್ಕೆ. ಶಂಭುಲಿಂಗಯ್ಯ ಕೈ ಚಾಚಿ, "ಕೊಡಿಲ್ಲಿ ಅದನ್ನ" ಎಂದವನು, ಏಳೆಂಟು ಹೆಂಗಸರು ಕತ್ತಿ ಕೆಳಗಿಟ್ಟು ತನ್ನನ್ನೇ ನೋಡುತ್ತಿರುವುದು ಕಂಡು ಕೈ ಹಿಂದಕ್ಕೆ ತೆಗೆದುಕೊಂಡ. ಏನೋ ಗೊಣಗುತ್ತ ಹೊರಗೆ ನಡೆದ. ಮೋಕ್ಷಿತ್ ಮಾತ್ರ ಕಾರಿನ ಬಾಗಿಲು ತೆಗೆಯದೆ, "ನಿಂಗೆ ಗೊತ್ತಿತ್ತೇನಪ್ಪ?" ಎಂದು ಕೇಳುತ್ತಿದ್ದುದು ಒಳಗೆಲ್ಲ ಕೇಳಿಸಿತು.

ರೇವಣಸಿದ್ದಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಸೋಮವಾರ ಯಾಕೆ, ಇವತ್ತೇ ಕೂತ್ಕೋ ಬುಡಮ್ಮ" ಎಂದ. ಒಬ್ಬ ಹೆಂಗಸು ಸರಿದು ಜಾಗ ಮಾಡಿದಳು. ಪವಿತ್ರಾಳಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ನಾಲ್ಕು ತಿಂಗಳು ಅವಳು ಕಂಡಕಂಡವರಿಗೆ ಹೇಳಿದ್ದೂ ಇದನ್ನೇ. ಡಾಕ್ಟರು ಬರೆದದ್ದೂ ಇದನ್ನೇ. ಮಾದ ಅಂಗೈಯನ್ನು ತೆರೆದು ತೋರಿಸಿದರೂ ನಂಬದ ಜನ, ಅವಳನ್ನು ಹಾಳು ಮಾಡಿದವನು ಒಂದು ಮಾತು ಹೇಳಿದ ಕೂಡಲೇ ಜಾಗ ಬಿಟ್ಟುಕೊಟ್ಟರು. ಈ ಜಾಗದಲ್ಲಿ ಕೂರಬೇಕಲ್ಲ ಎಂದು ಮೈಯೆಲ್ಲ ಉರಿಯಿತು. ಆದರೂ ಕೂರಲೇಬೇಕಿತ್ತು.

ಆಶಾ ಹೊರಗೆ ಕಾರಿನ ಕಡೆಗೂ ಹೋಗದೆ, ಒಳಗೂ ಬರದೆ ಹೊಸ್ತಿಲಲ್ಲೇ ನಿಂತಿದ್ದಳು. ಪವಿತ್ರಾ ಹೋಗಿ ಮತ್ತೆ ಅವಳ ಕೈ ಹಿಡಿದುಕೊಂಡಳು.

"ಅಕ್ಕ, ನಂದು ವಾಸಿ ಆಗುತ್ತಾ?"

ಸುಳ್ಳು ಹೇಳಬೇಕೆಂದು ಪವಿತ್ರಾಳಿಗೆ ತುಂಬಾ ಅನ್ನಿಸಿತು. "ಗಾಯ ಮಾಯುತ್ತೆ ಕಣೇ" ಎಂದಳು. "ಆದ್ರೆ ಮೈ ಒಂದು ಸಲ ಗುರುತು ಇಟ್ಕಂಡ್ರೆ ಮುಗೀತು ಅಂದ್ರು ಡಾಕ್ಟ್ರಮ್ಮ. ಇನ್ನು ಸಿಮೆಂಟು ಮುಟ್ಟಂಗಿಲ್ಲ, ಜನ್ಮದಲ್ಲಿ. ನಾಳೆ ತುಮಕೂರಿಗೆ ನಾನೇ ಕರ್ಕಂಡು ಹೋಯ್ತೀನಿ."

ಆಶಾ ತನ್ನ ಬೆರಳುಗಳನ್ನೇ ನೋಡುತ್ತ ತಿಂಗಳುಗಳ ಲೆಕ್ಕ ಹಾಕಿದಳು. ಹೊರಗೆ ಕಾರು ಸ್ಟಾರ್ಟಾಗುವ ಸದ್ದು ಕೇಳಿಸಿತು.

"ಅವ್ರು ಆ ಕಾಗದ ಓದಿಸಿದ್ರಲ್ಲಕ್ಕ, ಆ ವಾರ" ಎಂದಳು. "ಆವಾಗ ನನ್ನ ಕೈ ಚೆನ್ನಾಗಿತ್ತು."